ಮಳೆ ಹಿಡಿದ ದಿನಕ್ಕೆ ಒಂದು ಮುದ್ದೆ ಮಣ್ಣು

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮಳೆಯನ್ನು ಬೇಡಿ ತರುವ ಕೆಲಸ ಮಕ್ಕಳದು. ಮುಂಗಾರು ಕೈಕೊಟ್ಟ ವರ್ಷ ಹುಡುಗನೊಬ್ಬನ ತಲೆಯ ಮೇಲೆ ರೊಟ್ಟಿ ಹೆಂಚು ಇಟ್ಟು, ಅದರ ಮೇಲೆ ಸೆಗಣಿಯ ಗುರ್ಜಿಯನ್ನು ಕೂರಿಸಿ, ಗರಿಕೆ ಚುಚ್ಚಿ ಮನೆಮನೆಗೆ ಕರೆದೊಯ್ಯುತ್ತಾರೆ. ಮನೆಯವರು ಕೊಡಗಟ್ಟಲೆ ನೀರು ಸುರಿಯುತ್ತಾರೆ, ಹುಡುಗ ಗಿರಗಿರನೆ ತಿರುಗುತ್ತಾನೆ. ಹೀಗೆ ಬೇಡಿಸಿಕೊಂಡ ಮಳೆ ನಿಜವಾಗಿಯೂ ಬಂದು ಹಿಡಿದುಕೊಂಡಾಗ ಅದೇ ಮಕ್ಕಳು ಮನೆಯೊಳಗೆ ಸೇರಿ, ಹನ್ನೊಂದು ಗಂಟೆಯ ಹೊತ್ತಿಗೆಲ್ಲ ಬೇಸತ್ತು, ಮೊಬೈಲಿಗಾಗಿ ಕೈಚಾಚುತ್ತಾರೆ. ಇದಕ್ಕೆ ಮಕ್ಕಳನ್ನು ದೂರಿ ಫಲವಿಲ್ಲ. ಬಳ್ಳಾರಿ ಜಿಲ್ಲೆಯ ಸಂಗನಕಲ್ಲು, ಕುರುಗೋಡು, ಸಿರುಗುಪ್ಪದ ಸೀಮೆ ಮಳೆಗೆ ಒಗ್ಗಿದ್ದಲ್ಲ. ಬಳ್ಳಾರಿ ನಗರದ ಸುತ್ತ ವರ್ಷಕ್ಕೆ ಬೀಳುವ ಸರಾಸರಿ ಮಳೆ ಸುಮಾರು 500 ಮಿಲಿಮೀಟರ್. ಆಗುಂಬೆಯಲ್ಲಿ ಅದು 7,000 ದಾಟುತ್ತದೆ. ಒಂದು ದಿನದಲ್ಲಿ ಎರಡೂವರೆ ಮಿಲಿಮೀಟರಾದರೂ ಬಿದ್ದರೆ ಮಾತ್ರ ಹವಾಮಾನ ಇಲಾಖೆ ಅದನ್ನು ಮಳೆ ದಿನವೆಂದು ಎಣಿಸುತ್ತದೆ. ಆ ಲೆಕ್ಕದಲ್ಲಿ ಇಲ್ಲಿಯ ವರ್ಷದ ಮಳೆ ದಿನಗಳನ್ನೆಲ್ಲ ಕೂಡಿಸಿದರೆ ತಿಂಗಳು, ಹೆಚ್ಚೆಂದರೆ ಒಂದೂವರೆ ತಿಂಗಳು. ಅದರಲ್ಲೂ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬರುತ್ತದೆ.

ಹೀಗಾಗಿ ಇಲ್ಲಿಯ ಮಗುವಿನ ದಿನವೆಲ್ಲ ಹೊರಗೇ ಕಳೆಯುತ್ತದೆ. ಗುಡಿಯ ಕಟ್ಟೆ, ಶಾಲೆಯ ಬಯಲು, ಬೇವಿನ ಮರದ ನೆರಳು, ಓಣಿ ಅದರ ಲೋಕ. ಮನೆ ಎಂದರೆ ಉಣ್ಣುವ, ಮಲಗುವ ಜಾಗ. ಕರಾವಳಿಯ ಕಥೆ ಬೇರೆ. ಅಲ್ಲಿ ತಿಂಗಳುಗಟ್ಟಲೆ ಸುರಿಯುವ ಮಳೆಗೆ ತಕ್ಕಂತೆ ಮನೆಯೂ ಆಟವೂ ರೂಪುಗೊಂಡಿವೆ. ದಕ್ಷಿಣ ಕನ್ನಡದಿಂದ ಕಾಸರಗೋಡಿನವರೆಗೆ ತುಳುನಾಡಿನ ಮನೆಗಳಲ್ಲಿ ಆಟಿ ತಿಂಗಳು ಬಂದಿತೆಂದರೆ ಚೆನ್ನೆಮಣೆ ಅಟ್ಟದಿಂದ ಇಳಿಯುತ್ತಿತ್ತು, ಆಟಿ ಮುಗಿದ ಮೇಲೆ ಮತ್ತೆ ಅಟ್ಟ ಸೇರುತ್ತಿತ್ತು. ಬೇರೆ ಕಾಲದಲ್ಲಿ ಅದನ್ನು ಆಡಬಾರದೆಂಬ ನಂಬಿಕೆಯೇ ಇತ್ತು. ಮಳೆಗಾಲಕ್ಕೆಂದು ಒಂದು ಆಟವನ್ನು ಎತ್ತಿಟ್ಟುಕೊಂಡ ಸಮಾಜ ಅದು. ಬಯಲುಸೀಮೆಯಲ್ಲಿ ಅಂಥ ವ್ಯವಸ್ಥೆ ಏನೂ ಇಲ್ಲವೆಂದೇ ಮೇಲುನೋಟಕ್ಕೆ ತೋರುತ್ತದೆ. ಮಳೆ ಬಿದ್ದ ಎರೆ ನೆಲದಲ್ಲಿ ಕಾಲಿಟ್ಟರೆ ಚಪ್ಪಲಿ ಮೇಲೇಳುವುದಿಲ್ಲ, ಗುಡುಗು-ಸಿಡಿಲಿನ ಹೊತ್ತಿನಲ್ಲಿ ಬಯಲಿಗೆ ಕಳಿಸುವುದು ತರವಲ್ಲ, ಒಳಗೆ ಮಾಡಲು ಏನೂ ಇಲ್ಲ. ಅಲ್ಲಿಗೆ ಮೊಬೈಲೇ ಗತಿ ಎಂಬ ತೀರ್ಮಾನಕ್ಕೆ ಮನೆಯವರು ಬರುತ್ತಾರೆ.

ಆ ತೀರ್ಮಾನ ತಪ್ಪು ಎಂದು ತೋರಿಸುವುದು ಈ ಬರಹದ ಉದ್ದೇಶ. ಬಯಲುಸೀಮೆಗೂ ಮಳೆಗಾಲದ ಒಂದು ಕೈಗೆಲಸವಿದೆ. ಅದು ಪಂಚಾಂಗದೊಳಗೆ ಹಬ್ಬವಾಗಿ ಕುಳಿತಿರುವುದರಿಂದ ಆಟವೆಂದು ನಮ್ಮ ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ. ಕಾರಹುಣ್ಣಿಮೆ ಕಳೆದು ಹದಿನೈದು ದಿನಕ್ಕೆ, ಜ್ಯೇಷ್ಠದ ಕೊನೆಗೆ, ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ. ಅಂದು ಮಣ್ಣಿನ ಎತ್ತು, ಅವುಗಳ ಮುಂದೆ ಮಣ್ಣಿನ ಗ್ವಾದಲಿ, ಅಂದರೆ ಮೇವಿನ ತೊಟ್ಟಿ. ಆಷಾಢದ ಮಂಗಳವಾರಗಳಲ್ಲಿ ಮಣ್ಣಿನ ಗುಳ್ಳವ್ವ. ಶ್ರಾವಣದಲ್ಲಿ ಪಂಚಮಿಗೆ ಹುತ್ತದ ಮಣ್ಣಿನ ನಾಗಪ್ಪ. ಭಾದ್ರಪದದ ಚೌತಿಗೆ ಗಣಪ್ಪ, ಅದರ ಬೆನ್ನಿಗೇ ಅಷ್ಟಮಿಯಂದು ಬುಟ್ಟಿಯಲ್ಲಿ ಕುಳಿತು ಮನೆಮನೆಗೆ ಬರುವ ಜೋಕುಮಾರ. ಮುಂಗಾರಿನ ಮೊದಲ ಹದದಿಂದ ಹಿಂಗಾರಿನ ಬಾಗಿಲವರೆಗೆ ಐದು ಸಲ ಮಣ್ಣಿಗೆ ಕೈಹಾಕಿಸುವ ಕ್ರಮ ಇದು. ಪ್ರತಿ ಸಲವೂ ಮಗುವಿಗೆ ಅದರಲ್ಲಿ ಪಾಲಿದೆ. ಗುಳ್ಳವ್ವನಿಗೆ ಕಾಳು, ಹೂವು ಒತ್ತಿ ಸಿಂಗರಿಸುವವರು ಹೆಣ್ಣುಮಕ್ಕಳು. ಮಣ್ಣೆತ್ತಿನ ಅಮಾವಾಸ್ಯೆಯ ಮರುದಿನ ಹಲವು ಊರುಗಳಲ್ಲಿ ಹುಡುಗರು ಕುಂಟೆತ್ತೊಂದನ್ನು ಹೊತ್ತು ಮನೆಮನೆಗೆ ಹೋಗಿ, ಕಾಳುಕಡಿ ಎತ್ತಿ, ಸೇರಿ ಅಡಿಗೆ ಮಾಡಿ ಉಣ್ಣುತ್ತಾರೆ. ಆ ಎತ್ತು ಮಾರುಕಟ್ಟೆಯದಲ್ಲ, ಮಕ್ಕಳೇ ಮಾಡಿದ್ದು. ಅಂಕುಡೊಂಕಾಗಿದ್ದರೂ ಊರು ಅದಕ್ಕೆ ಜೋಳ ಕೊಡುತ್ತದೆ. ಮಗುವಿನ ಕೈಗೆಲಸಕ್ಕೆ ಇದಕ್ಕಿಂತ ದೊಡ್ಡ ಮನ್ನಣೆ ಇನ್ನಾವುದಿದೆ?

ಎತ್ತು ಮಾಡುವುದೆಂದರೆ ಏನೆಂದು ಸ್ವಲ್ಪ ವಿವರವಾಗಿ ನೋಡಬೇಕು. ಇಲ್ಲಿ ಹೇರಳವಾಗಿ ಸಿಗುವ ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲದ ತುಂಬ ಬಾಯಿಬಿಟ್ಟ ಬಿರುಕುಗಳಿಗೆ ಕಾರಣ ಇದೇ ಗುಣ. ಬರಿಯ ಎರೆಮಣ್ಣಿನಲ್ಲಿ ಎತ್ತು ಮಾಡಿ ಬಿಸಿಲಿಗಿಟ್ಟರೆ ಸಂಜೆಯೊಳಗೆ ಬೆನ್ನು ಸೀಳುತ್ತದೆ, ಕೋಡು ಕಳಚುತ್ತದೆ. ಮಗು ಇದನ್ನು ಮೊದಲ ಸಲ ಕಂಡಾಗ ಅಳಬಹುದು. ಎರಡನೆಯ ಸಲ ಕಾರಣ ಕೇಳುತ್ತದೆ. ಹಿರಿಯರು ಹೇಳಬೇಕಾದ ಮಾತು ಮೂರ್ನಾಲ್ಕೇ. ಮಣ್ಣಿಗೆ ಸಣ್ಣ ಮರಳನ್ನೋ ಜರಡಿ ಹಿಡಿದ ಬೂದಿಯನ್ನೋ ನವಿರಾದ ಹೊಟ್ಟನ್ನೋ ಬೆರೆಸಿದರೆ ಕುಗ್ಗುವುದು ಕಡಿಮೆಯಾಗುತ್ತದೆ. ಕೋಡನ್ನು ಸುಮ್ಮನೆ ಅಂಟಿಸಿದರೆ ನಿಲ್ಲದು. ಎರಡೂ ಕಡೆ ಕಡ್ಡಿಯಿಂದ ಗೀರಿ, ನಡುವೆ ತೆಳು ರಾಡಿ ಸವರಿ ಒತ್ತಬೇಕು. ಕಾಲು ಸಣ್ಣದಾದರೆ ಮೈಭಾರ ತಡೆಯದು. ಇನ್ನೊಂದು ಮುಖ್ಯವಾದದ್ದು, ಮಣ್ಣು ನೆರಳಿನಲ್ಲಿ ನಿಧಾನವಾಗಿ ಒಣಗಬೇಕು. ಹೊರಮೈ ಬೇಗ ಒಣಗಿ ಒಳಮೈ ಹಸಿಯಿದ್ದರೆ ಎರಡರ ಜಗ್ಗಾಟದಲ್ಲಿ ಬಿರುಕು ಬೀಳುತ್ತದೆ. ಏಪ್ರಿಲ್ ತಿಂಗಳ ಬಳ್ಳಾರಿಯಲ್ಲಿ ಇಂಥ ನಿಧಾನ ಸಾಧ್ಯವೇ ಇಲ್ಲ. ಮೋಡ ಕವಿದು ಗಾಳಿಯಲ್ಲಿ ತೇವ ತುಂಬಿದ ದಿನ ಮಾತ್ರ ಅದು ತಾನಾಗಿ ಒದಗುತ್ತದೆ. ಮಳೆ ಹಿಡಿದ ದಿನ ಮಣ್ಣಿನ ಕೆಲಸಕ್ಕೆ ಅಡ್ಡಿಯಾಗುವ ಬದಲು ಅದಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಹಬ್ಬಗಳೆಲ್ಲ ಜ್ಯೇಷ್ಠದಿಂದ ಭಾದ್ರಪದದೊಳಗೆ ಕೂಡಿಕೊಂಡಿರುವುದಕ್ಕೆ ಬೇಸಾಯದ ಕಾರಣಗಳಿವೆ, ನಿಜ. ಆದರೂ ಮಣ್ಣು ಬಲ್ಲವರಿಗೆ ಈ ಹೊಂದಾಣಿಕೆ ಆಕಸ್ಮಿಕವೆನಿಸದು.

ಬಿರುಕುಬಿಟ್ಟ ಎತ್ತನ್ನು ನೀರಿಗೆ ಹಾಕಿದರೆ ಮತ್ತೆ ಮಣ್ಣಾಗುತ್ತದೆ. ಅದೇ ಮುದ್ದೆಯಿಂದ ನಾಳೆ ಚಕ್ಕಡಿ, ನಾಡಿದ್ದು ಒಲೆ, ಆಮೇಲೆ ಕುರುಗೋಡಿನ ದೊಡ್ಡ ಬಸವಣ್ಣ. ಕೊಂಡುತಂದ ಆಟಿಕೆಗೂ ಮಣ್ಣಿಗೂ ಇರುವ ವ್ಯತ್ಯಾಸ ಇಲ್ಲಿದೆ. ಬ್ಯಾಟರಿ ಕಾರು ಏನು ಮಾಡಬಲ್ಲದು ಎಂಬುದನ್ನು ಮಗು ಹತ್ತು ನಿಮಿಷದಲ್ಲಿ ಅರಿತು ಮುಗಿಸುತ್ತದೆ, ಆಮೇಲೆ ಇನ್ನೊಂದು ಕಾರು ಬೇಕು. ಹೆಚ್ಚು ಆಟಿಕೆ ಕೊಟ್ಟರೆ ಹೆಚ್ಚು ಹೊತ್ತು ಆಡುತ್ತಾರೆಂಬ ನಮ್ಮ ಎಣಿಕೆಯೂ ಸುಳ್ಳೆಂದು ತೋರಿಸಿದ ಅಧ್ಯಯನವೊಂದಿದೆ. ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಅದರಲ್ಲಿ ಒಂದೂವರೆಯಿಂದ ಎರಡೂವರೆ ವರ್ಷದೊಳಗಿನ 36 ಮಕ್ಕಳಿಗೆ ಒಮ್ಮೆ ನಾಲ್ಕು ಆಟಿಕೆ, ಇನ್ನೊಮ್ಮೆ ಹದಿನಾರು ಆಟಿಕೆ ಕೊಟ್ಟು ನೋಡಿದರು. ನಾಲ್ಕೇ ಇದ್ದಾಗ ಮಕ್ಕಳು ಒಂದೊಂದರ ಜೊತೆಗೂ ಹೆಚ್ಚು ಹೊತ್ತು ಕಳೆದರು, ಅದನ್ನು ಹೆಚ್ಚು ಬಗೆಯಲ್ಲಿ ಬಳಸಿದರು. ಹದಿನಾರಿದ್ದಾಗ ಒಂದರಿಂದ ಇನ್ನೊಂದಕ್ಕೆ ಹಾರುತ್ತಲೇ ಹೊತ್ತು ಹೋಯಿತು. 36 ಮಕ್ಕಳ ಅಧ್ಯಯನ ಚಿಕ್ಕದೇ, ಅದರ ಮೇಲೆ ದೊಡ್ಡ ಸಿದ್ಧಾಂತ ಕಟ್ಟಬೇಕಾಗಿಲ್ಲ. ಆದರೆ ಮನೆಯಲ್ಲಿ ಮಕ್ಕಳನ್ನು ಗಮನಿಸಿದ ಯಾರಿಗಾದರೂ ಅದು ಹೇಳುವುದು ನಂಬುವಂಥದ್ದೇ. ನಮ್ಮವರೇ ಆದ ಅರವಿಂದ ಗುಪ್ತಾ 1970ರ ದಶಕದ ಕೊನೆಯಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ವಿಜ್ಞಾನ ಬೋಧನಾ ಕಾರ್ಯಕ್ರಮದಲ್ಲಿ ಬೆಂಕಿಕಡ್ಡಿ ಮತ್ತು ಸೈಕಲ್ಲಿನ ವಾಲ್ವ್ ಟ್ಯೂಬಿನ ತುಂಡುಗಳಿಂದ ಆಟಿಕೆ ಮಾಡಿಸಲು ಹೊರಟಾಗ ಹಿಡಿದದ್ದೂ ಇದೇ ದಾರಿ: ವಸ್ತು ಕಡಿಮೆ, ಕೈಗೆ ಕೆಲಸ ಹೆಚ್ಚು.

ಕೈಗೆಲಸದ ಮಾತು ಬಂದಾಗ ಸಂಗನಕಲ್ಲನ್ನು ದಾಟಿ ಹೋಗಲಾಗದು. ಊರಿನ ಹಿಂದಿನ ಸನ್ನರಸಮ್ಮನ ಗುಡ್ಡ, ಕಪ್ಪಗಲ್ಲಿನ ಹಿರೇಗುಡ್ಡಗಳಲ್ಲಿ ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ನವಶಿಲಾಯುಗದ ಜನ ನೆಲೆಸಿದ್ದರು. 19ನೇ ಶತಮಾನದಲ್ಲಿ ರಾಬರ್ಟ್ ಬ್ರೂಸ್ ಫುಟ್ ಗುರುತಿಸಿದ, ಬಿ. ಸುಬ್ಬರಾವ್ 1940ರ ದಶಕದಲ್ಲಿ ಅಗೆದು 1948ರಲ್ಲಿ ಪುಸ್ತಕವಾಗಿಸಿದ, ಆಮೇಲೆ ರವಿ ಕೋರಿಶೆಟ್ಟರ್ ಮತ್ತು ಜೊತೆಗಾರರು ಮತ್ತೆ ಅಧ್ಯಯನ ಮಾಡಿದ ನೆಲ ಇದು. ಹಿರೇಗುಡ್ಡದಲ್ಲಿ ಡಾಲರೈಟ್ ಕಲ್ಲಿನ ಕೊಡಲಿಗಳನ್ನು ಭಾರೀ ಪ್ರಮಾಣದಲ್ಲಿ ತಯಾರಿಸುತ್ತಿದ್ದರು. ಅವುಗಳನ್ನು ತಿಕ್ಕಿ ಹರಿತ ಮಾಡಿದ ಉದ್ದನೆಯ ತೋಡುಗಳು ಬಂಡೆಗಳ ಮೇಲೆ ಇಂದಿಗೂ ಉಳಿದಿವೆ. ಮಡಕೆಗಳನ್ನು ಕೈಯಿಂದಲೇ ತಟ್ಟಿ ಮಾಡುತ್ತಿದ್ದರು. ಬಂಡೆಗಳ ಮೇಲೆ ಕುಟ್ಟಿ ಮೂಡಿಸಿದ ಚಿತ್ರಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ದನ, ಡುಬ್ಬವಿರುವ ಉದ್ದ ಕೋಡಿನ ಎತ್ತು. ಬಡಿದರೆ ಗಂಟೆಯಂತೆ ನಾದ ಕೊಡುವ ಬಂಡೆಗಳೂ ಅಲ್ಲಿವೆ. ಕಲ್ಲಿನಿಂದ ಚಕ್ಕೆ ಎಬ್ಬಿಸಿ ಕೊಡಲಿಯ ಆಕಾರಕ್ಕೆ ತರುವ ವಿದ್ಯೆ ನೂರಾರು ವರ್ಷ ನಿಂತು ಬರಬೇಕಾದರೆ ಪ್ರತಿ ತಲೆಮಾರಿನ ಎಳೆಯರೂ ಹಿರಿಯರ ಪಕ್ಕ ಕುಳಿತು, ನೋಡಿ, ಕೈಯಾಡಿಸಿ, ಕೆಡಿಸಿ ಕಲಿತಿರಲೇಬೇಕು. ಇವತ್ತಿನ ಮಣ್ಣೆತ್ತು ಆ ಬಂಡೆಯ ಎತ್ತಿನ ನೇರ ಸಂತತಿ ಎಂದು ವಾದಿಸುವ ಅಗತ್ಯವಿಲ್ಲ. ಗುಡ್ಡದ ಬುಡದಲ್ಲಿ ಬೆಳೆಯುವ ಮಗುವಿಗೆ ಎತ್ತಿನ ರೂಪ ಎಲ್ಲ ಕಡೆಯಿಂದಲೂ ಕಾಣಸಿಗುತ್ತದೆ, ಅದನ್ನು ತನ್ನ ಕೈಯಿಂದ ಮಾಡಿದಾಗ ಬಂಡೆಯ ಮೇಲಿನದನ್ನೂ ಅದು ಬೇರೆ ಕಣ್ಣಿನಿಂದ ನೋಡುತ್ತದೆ ಎಂಬಷ್ಟು ಸಾಕು. ಬಳ್ಳಾರಿಯಲ್ಲಿ ಬ್ರೂಸ್ ಫುಟ್ ಹೆಸರಿನ ಸಂಗನಕಲ್ಲು ವಸ್ತುಸಂಗ್ರಹಾಲಯವೂ ಇದೆ. ಮಳೆ ಬಂದ ಭಾನುವಾರಕ್ಕೆ ಅದಕ್ಕಿಂತ ಒಳ್ಳೆಯ ಸೂರು ನಗರದಲ್ಲಿ ಹೆಚ್ಚಿಲ್ಲ.

ಮಣ್ಣಿಗೆ ಬೇಸರ ಬಂದಾಗ ನೆಲವಿದೆ. ಹಂಪಿಯ ಮಂಟಪಗಳ ಹಾಸುಗಲ್ಲಿನ ಮೇಲೆ ಕೊರೆದ ಚೌಕಾಬಾರದ ಮನೆಗಳು, ಹುಲಿ-ಕುರಿ ಆಟದ ಗೆರೆಗಳು, ಅಳಗುಳಿಯ ಗುಳಿಗಳು ಇಂದಿಗೂ ಕಾಣುತ್ತವೆ. ಬಿಸಿಲು ಮಳೆಗಳಿಂದ ತಪ್ಪಿಸಿಕೊಂಡು ಜನ ಕುಳಿತ ಜಾಗಗಳೇ ಅವು. ಮನೆಯಲ್ಲಿ ಕೊರೆಯಬೇಕಾಗಿಲ್ಲ, ಒಂದು ಸೀಮೆಸುಣ್ಣ ಸಾಕು. ಅಡ್ಡ ಐದು, ಉದ್ದ ಐದು, ಇಪ್ಪತ್ತೈದು ಮನೆ. ಕವಡೆ ಇಲ್ಲದಿದ್ದರೆ ನಾಲ್ಕು ಹುಣಸೆ ಬೀಜಗಳನ್ನು ಒಂದು ಮಗ್ಗುಲು ಬೆಳ್ಳಗಾಗುವವರೆಗೆ ಕಲ್ಲಿಗೆ ತಿಕ್ಕಿಕೊಳ್ಳಬೇಕು, ಆ ತಿಕ್ಕುವುದರಲ್ಲೇ ಅರ್ಧ ಗಂಟೆ ಕಳೆಯುತ್ತದೆ. ನಾಲ್ಕೂ ಬೆಳ್ಳಗೆ ಬಿದ್ದರೆ ಚೌಕ, ನಾಲ್ಕೂ ಕಪ್ಪಗೆ ಬಿದ್ದರೆ ಬಾರಾ. ಇದರಲ್ಲಿ ಗಣಿತವೂ ಇದೆ. ಬೀಜದ ಎರಡು ಮಗ್ಗುಲೂ ಸಮಸಮವಾಗಿ ಬೀಳುತ್ತವೆ ಎಂದಿಟ್ಟುಕೊಂಡರೆ ನಾಲ್ಕು ಬೀಜ ಬೀಳಬಹುದಾದ ಬಗೆ ಹದಿನಾರು. ಅವುಗಳಲ್ಲಿ ಚೌಕಕ್ಕೆ ಒಂದು, ಬಾರಾಕ್ಕೆ ಒಂದು, ಎರಡಕ್ಕೆ ಆರು. ನೂರು ಸಲ ಎಸೆದು ಗೋಡೆಯ ಮೇಲೆ ಗೆರೆ ಹಾಕುತ್ತ ಹೋದರೆ ಹತ್ತು ವರ್ಷದ ಮಗು ಈ ಲೆಕ್ಕವನ್ನು ತಾನೇ ಮುಟ್ಟುತ್ತದೆ. ಬೀಜಗಳು ಸಮವಾಗಿ ಬೀಳುತ್ತಿಲ್ಲ, ಒಂದು ಮಗ್ಗುಲಿಗೇ ವಾಲುತ್ತಿವೆ ಎಂಬುದನ್ನೂ ಕಂಡುಹಿಡಿಯುತ್ತದೆ. ಹುಲಿ-ಕುರಿಯ ಗುಣ ಬೇರೆ. ಮೂರು ಹುಲಿ, ಹದಿನೈದು ಕುರಿ. ಹುಲಿಗೆ ಹಾರಿ ತಿನ್ನುವ ಬಲವಿದೆ, ಕುರಿಗೆ ಕೂಡಿ ನಿಲ್ಲುವುದೊಂದೇ ಬಲ. ಅಜ್ಜನ ಹುಲಿಗಳನ್ನು ಏಳು ವರ್ಷದ ಮೊಮ್ಮಗಳು ತನ್ನ ಕುರಿಗಳಿಂದ ಕಟ್ಟಿಹಾಕಬಹುದಾದ ಆಟ ಅದು. ಹಾಗೆ ಕಟ್ಟಿಹಾಕಿದಾಗ ಅಜ್ಜ ಬೇಕೆಂದೇ ಸೋತದ್ದೋ ನಿಜವಾಗಿ ಸೋತದ್ದೋ ಎಂದು ಮಗುವಿಗೆ ಗೊತ್ತಾಗಿಬಿಡುತ್ತದೆ. ಈ ಆಟಗಳನ್ನು ಅರಸರೂ ಹಗುರವಾಗಿ ಕಾಣಲಿಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಶ್ರೀತತ್ತ್ವನಿಧಿಯಲ್ಲಿ ಕೌತುಕನಿಧಿ ಎಂಬ ಭಾಗವನ್ನೇ ಇದಕ್ಕೆ ಮೀಸಲಿಟ್ಟರು. ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ಅಳಗುಳಿಗೂ ಸಿಂಗಾರಕ್ಕೂ ಚೆಂದವೆಂದು ಬಳಸುವ ಗುಲಗಂಜಿಯ ತಿರುಳು ಕಡು ವಿಷ. ಎಳೆಯ ಮಕ್ಕಳಿರುವ ಮನೆಯಲ್ಲಿ ಅದು ಬೇಡ. ಮೂರು ವರ್ಷದೊಳಗಿನವರ ಕೈಗೆ ಹುಣಸೆ ಬೀಜವೂ ಬೇಡ, ಗಂಟಲಿಗೆ ಸಿಕ್ಕೀತು.

ಇಷ್ಟು ಓದಿದ ತಾಯಿ-ತಂದೆಯರು ಕೇಳುವ ಮೊದಲ ಪ್ರಶ್ನೆ ಗೊತ್ತಿರುವುದೇ. ಮೊಬೈಲಿನಲ್ಲೂ ಕಲಿಯಲು ಬೇಕಾದಷ್ಟಿದೆ, ಕಥೆಯಿದೆ, ಅಕ್ಷರವಿದೆ, ಇಂಗ್ಲಿಷಿದೆ, ಬೇಡವೇಕೆ? ಮಕ್ಕಳ ವೈದ್ಯರ ಸಂಘಟನೆಯಾದ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2021ರಲ್ಲಿ ಹಾಕಿಕೊಟ್ಟ ಮಿತಿ ಹೀಗಿದೆ: ಎರಡು ವರ್ಷದೊಳಗೆ ಪರದೆ ಬೇಡವೇ ಬೇಡ, ಎರಡರಿಂದ ಐದರವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಐದರಿಂದ ಹತ್ತರವರೆಗೆ ಎರಡು ಗಂಟೆಗಿಂತ ಕಡಿಮೆ. ಅಂದರೆ ಎರಡು ದಾಟಿದ ಮಕ್ಕಳಿಗೆ ಮೊಬೈಲನ್ನು ಪೂರ್ತಿ ಬಹಿಷ್ಕರಿಸಬೇಕೆಂದು ವೈದ್ಯರೂ ಹೇಳುತ್ತಿಲ್ಲ. ಹಿಡಿದ ಮಳೆಯ ದಿನವೊಂದರಲ್ಲಿ ಎಚ್ಚರವಿರುವ ಹೊತ್ತು ಹದಿಮೂರು-ಹದಿನಾಲ್ಕು ಗಂಟೆ, ಒಂದೆರಡನ್ನು ಪರದೆಗೆ ಬಿಟ್ಟರೂ ಉಳಿದ ಹನ್ನೆರಡನ್ನು ಏನು ಮಾಡುವುದೆಂಬುದು ನಮ್ಮ ಪ್ರಶ್ನೆ. ಇನ್ನು ಕಲಿಕೆಯ ಮಾತು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಪ್ಯಾಟ್ರಿಶಿಯಾ ಕೂಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳಿಗೆ ಹನ್ನೆರಡು ಬಾರಿ ಚೀನಾದ ಮ್ಯಾಂಡರಿನ್ ಭಾಷೆಯನ್ನು ಕೇಳಿಸಿದರು. ಎದುರಿಗೆ ಕುಳಿತು ಆಡಿಸುತ್ತ ಮಾತಾಡಿದವರಿಂದ ಕೂಸುಗಳು ಆ ಭಾಷೆಯ ದನಿಗಳ ಭೇದವನ್ನು ಕಲಿತವು. ಅದೇ ಮಾತನ್ನು ಟಿವಿಯಲ್ಲಿ ತೋರಿಸಿದಾಗ ಕಲಿಯಲಿಲ್ಲ. ದನಿ ಅದೇ, ಮಾತು ಅದೇ, ಮನುಷ್ಯ ಮಾತ್ರ ಇರಲಿಲ್ಲ. ಎಳೆಯ ಮಗುವಿಗೆ ಪರದೆ ಏನು ತೋರಿಸುತ್ತದೆ ಎನ್ನುವುದಕ್ಕಿಂತ ಪಕ್ಕದಲ್ಲಿ ಯಾರಿದ್ದಾರೆ ಎನ್ನುವುದು ಹೆಚ್ಚಿನದು. ಚೌಕಾಬಾರಕ್ಕೆ ಎದುರಾಳಿ ಬೇಕೇಬೇಕು, ಮಣ್ಣೆತ್ತಿಗೆ ಕೋಡು ನಿಲ್ಲುವ ಗುಟ್ಟು ಹೇಳುವವರು ಬೇಕು. ಜನ ಬೇಕಾಗುವುದೇ ಈ ಆಟಗಳ ಹೆಚ್ಚುಗಾರಿಕೆ.

ಎರಡನೆಯ ಆಕ್ಷೇಪ ಮೈಯದು. ಮಣ್ಣು, ಚೌಕಾಬಾರ ಎಲ್ಲವೂ ಕೂತು ಆಡುವವು, ಮಗುವಿಗೆ ಓಡಾಟ ಬೇಡವೇ? ಬೇಕು, ಇದು ನ್ಯಾಯವಾದ ಆಕ್ಷೇಪ. ಒಂದರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಮೂರು ಗಂಟೆಯಾದರೂ ಮೈಯಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ನಾಗರಪಂಚಮಿಗೆ ಜೋಕಾಲಿ ಕಟ್ಟುವ ರೂಢಿ ಇಲ್ಲಿ ನೆರವಿಗೆ ಬರುತ್ತದೆ. ಮರಕ್ಕೆ ಕಟ್ಟಲಾಗದ ದಿನ ತೊಲೆಗೆ ಕಟ್ಟಬಹುದು. ಆರ್‌ಸಿಸಿ ಮನೆಯಾದರೆ ಛಾವಣಿಯ ಗಟ್ಟಿ ಕೊಂಡಿಗೆ, ಅದು ಭಾರ ತಡೆಯುತ್ತದೆಯೇ ಎಂದು ದೊಡ್ಡವರು ಮೊದಲು ಜಗ್ಗಿ ನೋಡಿದ ಮೇಲೆ. ಕುಂಟೆಬಿಲ್ಲೆಯ ಮನೆಗಳನ್ನು ನಡುಮನೆಯಲ್ಲೂ ಬರೆಯಬಹುದು. ಸಿಡಿಲಿಲ್ಲದ, ಜಿಟಿಜಿಟಿ ಮಳೆಯಲ್ಲಿ ಅಂಗಳಕ್ಕೆ ಬಿಟ್ಟರೂ ಕೆಡುಕಿಲ್ಲ. ಮಳೆಯಲ್ಲಿ ನೆನೆದ ಮಾತ್ರಕ್ಕೆ ನೆಗಡಿ ಹುಟ್ಟುವುದಿಲ್ಲ, ಅದು ವೈರಸ್ಸಿನಿಂದ ಬರುವಂಥದ್ದು. ಬಂದ ಮೇಲೆ ತಲೆ ಒರೆಸಿ ಬಟ್ಟೆ ಬದಲಿಸಿದರಾಯಿತು. ಸಂಜೆ ಕರೆಂಟು ಹೋದರೆ ಇನ್ನೂ ಒಳ್ಳೆಯದು. ತೊಗಲುಗೊಂಬೆಯ ಬೆಳಗಲ್ಲು ವೀರಣ್ಣನವರ ಊರು ಬಳ್ಳಾರಿ, ಮಳೆಗಾಗಿ ಗೊಂಬೆಯಾಟ ಆಡಿಸುವ ವಾಡಿಕೆಯಿದ್ದ ಸೀಮೆ ಇದು. ಒಂದು ದೀಪ, ಒಂದು ಬಿಳಿ ಪಂಚೆ, ರಟ್ಟಿನಲ್ಲಿ ಕತ್ತರಿಸಿದ ಎರಡು ಗೊಂಬೆ ಇದ್ದರೆ ನೆರಳಿನ ರಾಮಾಯಣ ಶುರುವಾಗುತ್ತದೆ. ದೀಪಕ್ಕೆ ಹತ್ತಿರ ಹಿಡಿದ ಗೊಂಬೆಯ ನೆರಳು ಏಕೆ ದೊಡ್ಡದಾಗುತ್ತದೆ ಎಂದು ಯಾರಾದರೂ ಕೇಳುವುದು ಖಂಡಿತ.

ಮೂರನೆಯದು ಇದಕ್ಕಿಂತ ಗಂಭೀರ. ಹಳೆಯದನ್ನೆಲ್ಲ ಹೊಗಳುವ ಚಾಳಿ ಇದು, ಹಿಂದಿನ ಮಕ್ಕಳು ಆಡುತ್ತ ಕೂತಿರಲಿಲ್ಲ, ದನ ಕಾಯುತ್ತಿದ್ದರು, ಕೂಸು ಎತ್ತಿಕೊಳ್ಳುತ್ತಿದ್ದರು ಎಂದು ಯಾರಾದರೂ ಹೇಳಿದರೆ ಒಪ್ಪಲೇಬೇಕು. ಕೂತು ಆಡುವ ಆಟಗಳು ಹೆಣ್ಣುಮಕ್ಕಳಿಗೆ, ಬಯಲು ಗಂಡುಮಕ್ಕಳಿಗೆ ಎಂಬ ಹಂಚಿಕೆ ಇತ್ತು. ಈ ಐದು ಮಣ್ಣಿನ ಪೂಜೆಗಳಲ್ಲಿ ಯಾರ ಕೈ ಎಲ್ಲಿಯವರೆಗೆ ಹೋಗಬಹುದೆಂಬುದನ್ನು ಜಾತಿ ತೀರ್ಮಾನಿಸುತ್ತಿತ್ತು. ಆ ವ್ಯವಸ್ಥೆ ಮರಳಿ ಬರಬೇಕೆಂದು ಯಾರೂ ಕೇಳಬಾರದು. ಅದರೊಳಗಿದ್ದ ಒಂದು ಕಸುಬು, ಒಂದು ಕಾಲ, ಒಂದು ಬಗೆಯ ಜೊತೆಗಾರಿಕೆ ಇವುಗಳನ್ನು ಆ ಕಟ್ಟಿನಿಂದ ಬಿಡಿಸಿ ತರಬಹುದು. ಮಣ್ಣು ಮೆತ್ತಲು ಪೂಜೆ ಕಡ್ಡಾಯವಲ್ಲ. ಬಳ್ಳಾರಿಯ ಕೌಲ್ ಬಜಾರಿನ ಮುಸ್ಲಿಂ ಮನೆಯ ಮಗುವೂ ಎತ್ತು ಮಾಡಬಹುದು, ಒಂಟೆ ಮಾಡಬಹುದು, ಜೆಸಿಬಿಯನ್ನೂ ಮಾಡಬಹುದು. ಹುಡುಗರು ಗಜಗದ ಆಟ ಕಲಿಯಲಿ, ಹುಡುಗಿಯರು ಕುಂಟೆತ್ತು ಹೊತ್ತು ಓಣಿ ಸುತ್ತಲಿ. ಪಗಡೆ, ಚೌಕಾಬಾರ ಜೂಜಿನ ದಾರಿ ಎಂದು ಹೆದರುವ ಹಿರಿಯರಿಗೂ ಒಂದು ಮಾತು ಹೇಳಬೇಕು. ಹಣ ಕಟ್ಟಿದರಷ್ಟೇ ಜೂಜು. ಮಕ್ಕಳ ಮೊಬೈಲಿನ ಎಷ್ಟೋ ಆಟಗಳು ನಡುನಡುವೆ ಕೈಚಾಚಿ ದುಡ್ಡು ಕೇಳುತ್ತವೆ, ಭಯಪಡಬೇಕಾದದ್ದು ಅವಕ್ಕೆ.

ಎಲ್ಲಕ್ಕಿಂತ ಕಠಿಣವಾದ ಆಕ್ಷೇಪ ಹೊತ್ತಿನದು. ಮಗುವಿನ ಪಕ್ಕ ಕೂರುವವರು ಯಾರು? ಬಳ್ಳಾರಿಯಲ್ಲಿ ಎಷ್ಟೋ ಮನೆಗಳಲ್ಲಿ ತಾಯಂದಿರು ಮನೆಯಲ್ಲೇ ಜೀನ್ಸ್ ಬಟ್ಟೆ ಹೊಲಿದು ತುಂಡಿನ ಲೆಕ್ಕದಲ್ಲಿ ಕೂಲಿ ಪಡೆಯುತ್ತಾರೆ. ಮಳೆ ಬಂದು ಶಾಲೆಗೆ ರಜೆ ಬಿದ್ದರೆ ಅವರ ಕೈ ಅರ್ಧಕ್ಕೆ ನಿಲ್ಲುತ್ತದೆ. ಹೊಲದ ಕೂಲಿಯವರಿಗೆ ಮಳೆ ದಿನ ಕೂಲಿ ತಪ್ಪಿದ ದಿನ. ಅವರು ಮನೆಯಲ್ಲಿರುತ್ತಾರೆ, ಆದರೆ ಮನಸ್ಸು ಒಲೆಯ ಲೆಕ್ಕದಲ್ಲಿರುತ್ತದೆ. ಇವರಿಗೆ ಉಪದೇಶ ಮಾಡುವುದು ಅನ್ಯಾಯ. ಆದರೆ ಮಣ್ಣಿನ ಕೆಲಸ ಇಡೀ ದಿನ ದೊಡ್ಡವರನ್ನು ಬೇಡುವುದಿಲ್ಲ. ಹದ ಮಾಡಿ ಕೊಡುವುದಕ್ಕೆ ಹತ್ತು ನಿಮಿಷ, ಕೋಡು ಬಿದ್ದಾಗ ಎರಡು ನಿಮಿಷ. ಉಳಿದಂತೆ ಹೊಲಿಗೆ ಮಿಷನ್ನಿನ ಪಕ್ಕದಲ್ಲೇ ಗೋಣಿಚೀಲ ಹಾಸಿ ಕೂರಿಸಿದರೆ ಕಣ್ಣಳತೆಯಲ್ಲಿರುತ್ತದೆ. ಮಗುವಿಗೆ ಬೇಕಾದದ್ದು ಕರೆದರೆ ಓಗೊಡುವಷ್ಟು ಹತ್ತಿರ, ಸದಾ ಎದುರಿಗೆ ಕೂತಿರುವುದಲ್ಲ. ಅದೂ ಆಗದ ಮನೆಗಳಿಗೆ ಊರು ಹೊಣೆ ಹೊರಬೇಕು. ಅಂಗನವಾಡಿ ನಮಗೆ ಹೊಸದಲ್ಲ. 1975ರಲ್ಲಿ ದೇಶದ 33 ಕಡೆ ಆ ಯೋಜನೆ ಆರಂಭವಾದಾಗ ಕರ್ನಾಟಕದ ಟಿ. ನರಸೀಪುರವೂ ಅದರಲ್ಲಿತ್ತು. ಕೆಲಸಕ್ಕೆ ಹೋಗುವ ತಾಯಂದಿರ ಪುಟ್ಟ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ ತೆರೆಯುವುದಾಗಿ ರಾಜ್ಯ ಸರ್ಕಾರ 2023ರಲ್ಲಿ ಘೋಷಿಸಿತು. ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ, 2020ರ ಮಕ್ಕಳ ದಿನದಂದು ಶುರುವಾದ ‘ಓದುವ ಬೆಳಕು’ ಮಕ್ಕಳನ್ನು ಅಲ್ಲಿಗೆ ಕರೆಯಿತು. ಭಾರೀ ಮಳೆಯ ಮುನ್ಸೂಚನೆ ಬಂದು ಜಿಲ್ಲಾಡಳಿತ ಶಾಲೆಗಳಿಗೆ ರಜೆ ಘೋಷಿಸುವ ದಿನ, ಹಳ್ಳ ದಾಟದೆ ಹೋಗಿಬರಬಹುದಾದ ಓಣಿಯ ಮಕ್ಕಳಿಗೆ ಇಂಥ ಒಂದು ಕಟ್ಟಡದ ಬಾಗಿಲು ತೆರೆದಿರುವಂತೆ ನೋಡಿಕೊಳ್ಳಲು ಪಂಚಾಯಿತಿಗೆ ಹೊಸ ಹಣವೇನೂ ಬೇಡ.

ಕೊನೆಗೆ ಉಳಿಯುವುದು ಕೊಳೆಯ ಭಯ. ಮಣ್ಣಿನಲ್ಲಿ ಹುಳುವಿನ ಮೊಟ್ಟೆ ಇರಬಹುದೆಂಬುದು ಸುಳ್ಳಲ್ಲ. ಬಯಲಿಗೆ ಕೂರುವ ಜಾಗದ, ಚರಂಡಿ ಪಕ್ಕದ ಮಣ್ಣು ತರಲೇಬಾರದು. ಆಡಿದ ಮೇಲೆ ಸಾಬೂನಿನಿಂದ ಕೈ ತೊಳೆದು, ಉಗುರು ಕತ್ತರಿಸಿದ್ದರೆ, ಶಾಲೆ-ಅಂಗನವಾಡಿಗಳಲ್ಲಿ ಜಂತುಹುಳು ನಿವಾರಣಾ ದಿನದಂದು ಕೊಡುವ ಆಲ್ಬೆಂಡಜೋಲ್ ಮಾತ್ರೆ ನುಂಗಿದ್ದರೆ ಹೆದರಬೇಕಾದ್ದು ಹೆಚ್ಚಿಲ್ಲ. ಆ ದಿನವೂ ಮಳೆಗಾಲದ ನಡುವೆ, ಆಗಸ್ಟ್ 10ರ ಸುಮಾರಿಗೆ ಬರುತ್ತದೆ. ಬಾಡಿಗೆ ಮನೆಯ ಟೈಲ್ಸ್ ನೆಲಕ್ಕೆ ರಾಡಿಯಾಗುತ್ತದೆ ಎನ್ನುವವರು ಹಳೆಯ ಗೊಬ್ಬರದ ಚೀಲವೊಂದನ್ನು ಚೆನ್ನಾಗಿ ತೊಳೆದು ಸೀಳಿ ಹಾಸಿದರೆ ಆಯಿತು. ಒಳ್ಳೆಯ ಮಣ್ಣು ಎಲ್ಲಿ ಸಿಗುತ್ತದೆ ಎಂಬುದಕ್ಕೆ ಉತ್ತರ ಕುಂಬಾರರ ಮನೆಯಲ್ಲಿದೆ. ಮಣ್ಣೆತ್ತಿನ ಅಮಾವಾಸ್ಯೆಯ ಹಿಂದಿನ ದಿನಗಳಲ್ಲಿ ಅವರು ಜೋಡೆತ್ತುಗಳನ್ನು ಮಾಡಿ ಸಂತೆಯಲ್ಲಿ ಸಾಲಾಗಿ ಇಡುತ್ತಾರೆ, ಬಣ್ಣ ಹಚ್ಚಿದವೂ ಇರುತ್ತವೆ, ಜನ ಕೊಂಡು ಹೋಗುತ್ತಾರೆ. ಕೊಳ್ಳುವಾಗ ಎತ್ತಿನ ಜೊತೆಗೆ ಸೋಸಿ, ತುಳಿದು, ಹದ ಮಾಡಿದ ಒಂದು ಮುದ್ದೆ ಹಸಿಮಣ್ಣನ್ನೂ ಕೇಳಿ ದುಡ್ಡು ಕೊಟ್ಟು ತರಬೇಕು. ಹದ ಮಾಡುವುದೇ ಆ ಕಸುಬಿನ ಅರ್ಧ ಶ್ರಮ, ಅದಕ್ಕೂ ಬೆಲೆ ಸಿಗಲಿ. ಮುದ್ದೆಗೆ ಒದ್ದೆ ಬಟ್ಟೆ ಸುತ್ತಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಟ್ಟು, ವಾರಕ್ಕೊಮ್ಮೆ ನೀರು ಚಿಮುಕಿಸಿದರೆ ಅದು ಜೋಕುಮಾರನ ಹುಣ್ಣಿಮೆಯವರೆಗೂ ಮೆತ್ತಗೇ ಇರುತ್ತದೆ. ಸೆಪ್ಟೆಂಬರಿನ ಮಳೆ ಆಗಷ್ಟೇ ಶುರುವಾಗಿರುತ್ತದೆ.